ಸಾಂತ್ವನಕ್ಕೆ ಬೊಕ್ಕಸದ ಹಣವೆ?

ಮಹಾಭಾರತದ ಆಶ್ರಮವಾಸಿಕ ಪರ್ವದ ಕೊನೆಯಲ್ಲಿ ಒಂದು ಕಾಳ್ಗಿಚ್ಚಿನ ಪ್ರಸಂಗವುಂಟು. ಕುಮಾರವ್ಯಾಸನ ಕಾವ್ಯವು ಗದಾಪರ್ವಕ್ಕೆ ನಿಂತುದರಿಂದಲೂ, ಮುಂದಿನ ಪರ್ವಗಳನ್ನು ಪೂರೈಸಿದ ತಿಮ್ಮಣ್ಣ ಕವಿಯನ್ನು ಓದುವವರು ವಿರಳವಾದುದರಿಂದಲೂ, ನಮ್ಮ ಮನೆಗಳಲ್ಲಿ ಈ ಕಥೆ ಅಷ್ಟಾಗಿ ಕೇಳಿಬರುವುದಿಲ್ಲ. ಯುದ್ಧ ಮುಗಿದು ವರ್ಷಗಳಾದ ಮೇಲೆ ವನವಾಸಕ್ಕೆ ತೆರಳಿದ ಧೃತರಾಷ್ಟ್ರ, ಗಾಂಧಾರಿ, ಕುಂತಿಯರು ಗಂಗಾದ್ವಾರದ ಅರಣ್ಯದಲ್ಲಿ ದಾವಾಗ್ನಿಗೆ ಸಿಕ್ಕಿ ಮಡಿಯುತ್ತಾರೆ. ಉಪವಾಸಗಳಿಂದ ಕೃಶನಾದ ಮುದುಕ ರಾಜನಿಗೆ ಓಡುವ ಶಕ್ತಿಯಿರಲಿಲ್ಲ. ಸಂಜಯನನ್ನು ಮಾತ್ರ ತಪ್ಪಿಸಿಕೊಂಡು ಹೋಗೆಂದು ಕಳುಹಿಸಿದನು. ಈ ವಾರ್ತೆಯನ್ನು ಹಸ್ತಿನಾವತಿಗೆ ತಂದವನು ನಾರದ. ಧರ್ಮರಾಯನು ಅಳುತ್ತಾನೆ, ಆದರೆ ಅವನ ಅಳಲು ಬರಿಯ ಸಾವಿನದಲ್ಲ. ಮಂತ್ರಪೂತವಾದ ಅಗ್ನಿಗಳಿದ್ದೂ ತನ್ನ ತಾಯಿಯೂ ದೊಡ್ಡಪ್ಪನೂ 'ವೃಥಾಗ್ನಿ'ಯಲ್ಲಿ ಬೆಂದರಲ್ಲಾ ಎಂಬುದೇ ಅವನನ್ನು ಕೊರೆಯುವ ಮುಳ್ಳು. ನಾರದನು ಆಗ ಸಂಸಾರದ ಅನಿತ್ಯತೆಯನ್ನು ಉಪನ್ಯಾಸಮಾಡಲಿಲ್ಲ. ಗಂಗಾತೀರದ ಮುನಿಗಳಿಂದ ತಾನು ವಿಚಾರಿಸಿ ತಿಳಿದ ಸಂಗತಿಯನ್ನು ಹೇಳಿದನು: ಅದು ವೃಥಾಗ್ನಿಯಲ್ಲ, ಯಾಜಕರು ಕಾಡಿನಲ್ಲಿ ಬಿಟ್ಟುಹೋದ ರಾಜನ ಯಜ್ಞಾಗ್ನಿಯೇ ಗಾಳಿಗೆ ಹಬ್ಬಿತು. ಮಗನಿಗೆ ಬೇಕಾಗಿದ್ದುದು ಇಷ್ಟೆ.

ಈ ಪ್ರಸಂಗವು ಮನಸ್ಸಿಗೆ ಬಂದುದಕ್ಕೆ ಕಾರಣ ನಮ್ಮ ವಾಚನಾಲಯದಲ್ಲಿ ನಡೆದ ಒಂದು ವಾದ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಾಳ್ಗಿಚ್ಚಿನಿಂದ ಊರು ಕಳೆದುಕೊಂಡವರಿಗೆ ಸಮಾಧಾನ ಹೇಳತಕ್ಕವರನ್ನು ಸರ್ಕಾರವೇ ಸಂಬಳ ಕೊಟ್ಟು ನೇಮಿಸುವುದೆಂದು ನಾನು ಹೇಳಲಾಗಿ, ನಿವೃತ್ತ ತಹಸೀಲ್ದಾರರಾದ ನನ್ನ ಮಿತ್ರರು ನಕ್ಕು, "ಏನು ಮೇಷ್ಟ್ರೆ, ಅಳುವವರ ಕಣ್ಣೊರೆಸುವುದಕ್ಕೂ ಬೊಕ್ಕಸದ ಹಣವೆ? ಆ ಹಣಕ್ಕೆ ನಾಲ್ಕು ಸೂರಾದರೂ ಏಳುತ್ತಿರಲಿಲ್ಲವೆ?" ಎಂದರು. ನಗುವಿನಲ್ಲಿ ಹೇಳಿದ ಮಾತಾದರೂ ಪ್ರಶ್ನೆ ಹಗುರವಾದುದಲ್ಲ. ಆ ದಿನ ಸರಿಯಾಗಿ ಉತ್ತರಿಸಲಾರದೆ ಹೋದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಂಗತಿ. ಕ್ಯಾಲಿಫೋರ್ನಿಯಾದ ಬ್ಯೂಟ್ ಜಿಲ್ಲೆಯಲ್ಲಿ ಪ್ಯಾರಡೈಸ್ ಎಂಬ ಊರುಂಟು. ಹೆಸರಿನ ಅರ್ಥ ಸ್ವರ್ಗ. 2018ನೆಯ ಇಸವಿ ನವೆಂಬರ್ 8ರ ಬೆಳಗ್ಗೆ ಸಮೀಪದ ಕಣಿವೆಯಲ್ಲಿ ಹೊತ್ತಿದ ಕಿಚ್ಚು ಗಾಳಿಯ ವೇಗಕ್ಕೆ ಕೆಲವೇ ಗಂಟೆಗಳಲ್ಲಿ ಆ ಊರನ್ನು ನುಂಗಿತು. ಸತ್ತವರು 85 ಮಂದಿ, ಅವರಲ್ಲಿ ಬಹುಪಾಲು ವೃದ್ಧರು. ಸುಟ್ಟುಹೋದ ಕಟ್ಟಡಗಳು 18,000ಕ್ಕೂ ಮೇಲೆ. ಸುಮಾರು 26,000 ಜನರಿದ್ದ ಊರಿನಲ್ಲಿ 2020ರ ಜನಗಣತಿಯ ಕಾಲಕ್ಕೆ 4,764 ಮಂದಿ ಉಳಿದಿದ್ದರು. ಮನೆ ಸುಟ್ಟಿತು ಎಂದರೆ ಒಂದು ಮಾತು. ಇಲ್ಲಿ ಅಂಗಡಿ, ಶಾಲೆ, ದೇವಮಂದಿರ, ನೆರೆಮನೆ, ನೆರೆಮನೆಯವನ ನೆರೆಮನೆ, ಎಲ್ಲವೂ ಒಂದೇ ದಿನ ಬೂದಿಯಾದುವು.

ಇಂಥ ಸಮಯಕ್ಕೆಂದು ಆ ದೇಶದಲ್ಲಿ ಒಂದು ವಿಧಿಯುಂಟು. 1974ರಲ್ಲಿ ಮೊದಲು ಶಾಸನಕ್ಕೆ ಸೇರಿ, ಈಗ 1988ರ ಸ್ಟ್ಯಾಫರ್ಡ್ ಕಾನೂನಿನ 416ನೆಯ ಪ್ರಕರಣದಲ್ಲಿರುವ ಈ ವಿಧಿಯ ಪ್ರಕಾರ, ಅಧ್ಯಕ್ಷರು ಮಹಾವಿಪತ್ತೆಂದು ಘೋಷಿಸಿದ ಪ್ರದೇಶದಲ್ಲಿ ಆಪ್ತಸಮಾಲೋಚನೆಗೆ ಕೇಂದ್ರದ ಬೊಕ್ಕಸದಿಂದ ಹಣ ದೊರೆಯುವುದು. ಸಂಸ್ಥಾನದ ಸರ್ಕಾರವು 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ತನ್ನ ಕೈಯ ಸಾಧನ ಸಾಲದೆಂದು ತೋರಿಸಬೇಕು. ಮೊದಲನೆಯ ಹಂತ ಘೋಷಣೆಯಿಂದ 60 ದಿನ. ಎರಡನೆಯದು 9 ತಿಂಗಳು. ಕಾರ್ಯಕರ್ತರಲ್ಲಿ ಅನೇಕರು ವೈದ್ಯರಲ್ಲ, ಅದೇ ಸೀಮೆಯ ಸಾಮಾನ್ಯ ಜನ. ತರಬೇತು ಪಡೆದು ಗುಡಾರಗಳಿಗೂ ಶಾಲೆಗಳಿಗೂ ಮನೆಬಾಗಿಲುಗಳಿಗೂ ತಾವೇ ಹೋಗತಕ್ಕವರು. ರೋಗಕ್ಕೆ ಹೆಸರಿಡುವುದಿಲ್ಲ, ದುಃಖಿಯ ಹೆಸರನ್ನು ದಫ್ತರಿನಲ್ಲಿ ಬರೆಯುವುದೂ ಇಲ್ಲ. ಈ ಕೊನೆಯ ನಿಯಮವನ್ನು ಮಾಡಿದವರು ಮನುಷ್ಯಸ್ವಭಾವವನ್ನು ಬಲ್ಲವರು ಎಂದು ನನಗೆ ತೋರಿತು.

ಇನ್ನು ಮಿತ್ರರ ಆಕ್ಷೇಪ. ಅದರಲ್ಲಿ ಎರಡು ಎಳೆಗಳಿವೆ. ಸಾಂತ್ವನವು ಮಾರುವ ಸರಕಲ್ಲ, ಹಣ ಮುಟ್ಟಿದೊಡನೆ ಅದು ಕೆಡುತ್ತದೆ ಎಂಬುದು ಒಂದು. ಈ ಮಾತನ್ನು ನಾನು ಬಲ್ಲೆ. ಪಾಠಶಾಲೆಯಲ್ಲಿ ನಮ್ಮ ಗುರುಗಳು ವಿದ್ಯಾವಿಕ್ರಯವನ್ನು ಪಾಪವೆನ್ನುತ್ತಿದ್ದರು. ಅವರ ಶಿಷ್ಯನಾದ ನಾನು ಮುಂದೆ ತಿಂಗಳ ಮೊದಲನೆಯ ತಾರೀಖಿಗೆ ಸಂಬಳದ ಪಟ್ಟಿಯಲ್ಲಿ ರುಜು ಹಾಕಿಯೇ ಜೀವಿಸಿದೆ. ಆ ಸಂಬಳದಿಂದ ನಾನು ಕಲಿಸಿದ ಶಬ್ದಮಂಜರಿ ಸುಳ್ಳಾಯಿತೆಂದು ನನಗೆ ತೋರಿಲ್ಲ. ವೈದ್ಯನೂ ಕಾಣಿಕೆ ತೆಗೆದುಕೊಳ್ಳುತ್ತಾನೆ. ಔಷಧ ಅದರಿಂದ ವಿಷವಾಗುವುದಿಲ್ಲ.

ಆದರೂ ಮಿತ್ರರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಮುಚ್ಚಬಾರದು. ಸಾವು ಸಂಭವಿಸಿದ ಮನೆಗೆ ನೆರೆಯವರು ಅನ್ನ ತರುವುದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಒಬ್ಬನ ಗುಡಿಸಲು ಸುಟ್ಟರೆ ಒಬ್ಬ ಬಿದಿರು ತರುವನು, ಇನ್ನೊಬ್ಬ ಹುಲ್ಲು ತರುವನು, ರಾತ್ರಿ ಯಾರಾದರೊಬ್ಬರು ಆ ಮನೆಯ ಹೆಂಗಸರ ಹತ್ತಿರ ಕುಳಿತಿರುವರು. ಆದರೆ ಇದೆಲ್ಲಕ್ಕೂ ಸುಡದೆ ಉಳಿದ ನೆರೆಯೊಂದು ಬೇಕು. ಊರಿಗೆ ಊರೇ ಸುಟ್ಟಾಗ ಯಾರು ಯಾರ ಬಳಿ ಕುಳಿತುಕೊಳ್ಳಬೇಕು? ಸಂತೈಸಬೇಕಾದವನೂ ಗುಡಾರದಲ್ಲಿದ್ದಾನೆ, ಸೋದರಿ ನೂರು ಮೈಲಿಯಾಚೆಯ ಬಾಡಿಗೆಯ ಕೋಣೆಯಲ್ಲಿದ್ದಾಳೆ, ಪಾದ್ರಿಯ ಮನೆಯೂ ಉಳಿದಿಲ್ಲ. ಉಚಿತವಾದ ಸಾಂತ್ವನದ ಆಕರವೇ ಬೆಂದುಹೋದ ಮೇಲೆ, ಆ ಕೆಲಸಕ್ಕೆ ನಿಲ್ಲುವವನ ಹೊಟ್ಟೆಯ ಪಾಡನ್ನು ಯಾರಾದರೂ ನೋಡಬೇಕಷ್ಟೆ. ಆದುದರಿಂದ ಈ ವೆಚ್ಚವನ್ನು ನಾನು ದಾನವೆನ್ನಲಾರೆ. ನೆರೆಯು ಸಲ್ಲಿಸಬೇಕಾಗಿದ್ದ ಋಣವನ್ನು ದೂರದವರು ಸಲ್ಲಿಸುತ್ತಿದ್ದಾರೆ.

ಸೂರು ಮೊದಲು, ಸಮಾಧಾನ ಆಮೇಲೆ ಎಂಬುದು ಎರಡನೆಯ ಎಳೆ. ಇಲ್ಲಿ ಅನುಭವವೇ ಉತ್ತರ ಹೇಳೀತು. ವಿಮೆಯ ಕಾಗದ, ಪರಿಹಾರದ ಅರ್ಜಿ, ಸುಟ್ಟ ಮನೆಯಲ್ಲಿ ಯಾವ ಯಾವ ಸಾಮಾನಿತ್ತೆಂಬ ಪಟ್ಟಿ, ಇವನ್ನೆಲ್ಲ ತುಂಬಬೇಕಾದುದು ನಿದ್ರೆಗೆಟ್ಟ ಮನಸ್ಸು. ಪೆಟ್ಟಿಗೆಯಲ್ಲಿದ್ದ ಮಗುವಿನ ಅಂಗಿಯನ್ನು ಪಟ್ಟಿಗೆ ಸೇರಿಸುವಾಗ ಲೇಖನಿ ನಿಂತರೆ ಸೂರಿನ ಹಣವೂ ನಿಲ್ಲುತ್ತದೆ. ಪಕ್ಕದಲ್ಲಿ ಕುಳಿತು ಆ ಪಟ್ಟಿಯನ್ನು ಮುಗಿಸುವವನು ಸಂತೈಸಿದನೋ ಸೂರು ಕಟ್ಟಿದನೋ ಬೇರ್ಪಡಿಸುವುದು ಕಷ್ಟ. ಸಂತೈಸುವ ರೀತಿಯಲ್ಲಿಯೂ ತಪ್ಪುಗಳು ನಡೆದಿವೆ, ನಿಜ. ವಿಪತ್ತಿನ ಬೆನ್ನಿಗೇ ಎಲ್ಲರನ್ನೂ ಒಮ್ಮೆ ಕೂರಿಸಿ ಕಂಡುದನ್ನೆಲ್ಲ ಹೇಳಿಸುವ ಪದ್ಧತಿಯೊಂದಿತ್ತು. ಅದರಿಂದ ಗುಣವಿಲ್ಲವೆಂದೂ ಕೆಲವರಿಗೆ ಕೇಡೂ ಆದೀತೆಂದೂ ಪರೀಕ್ಷಕರು ಆಮೇಲೆ ಕಂಡರು. ಕೇಳದವನಿಗೆ ಬಲಾತ್ಕಾರದಿಂದ ಸಮಾಧಾನ ಹೇಳಬಾರದೆಂಬುದನ್ನು ನಾರದನು ಮೊದಲೇ ಬಲ್ಲವನಾಗಿದ್ದನು.

ನನ್ನ ಆಕ್ಷೇಪವಿರುವುದು ಹಣ ಕೊಡುವುದರಲ್ಲಲ್ಲ, ಅದರ ಪಂಚಾಂಗದಲ್ಲಿ. ಆ ಎರಡು ಹಂತಗಳನ್ನು ಕೂಡಿಸಿರಿ: ಸುಮಾರು 11 ತಿಂಗಳು. ನಮ್ಮ ಹಿರಿಯರು ಸತ್ತವನ ಮನೆಗೆ ಬಂಧುಗಳು ಬರಬೇಕಾದ ದಿನಗಳನ್ನು ಹನ್ನೆರಡನೆಯ ದಿನಕ್ಕೆ ಮುಗಿಸಲಿಲ್ಲ. ಮಾಸಿಕಗಳನ್ನಿಟ್ಟರು, ಕೊನೆಗೆ ವರ್ಷಾಬ್ದಿಕವನ್ನಿಟ್ಟರು. ಪ್ರೇತದ ಗತಿಗಾಗಿ ಇಟ್ಟರೆಂದು ಶಾಸ್ತ್ರ. ಉಳಿದವರ ಗತಿಗೂ ಅದು ಒದಗಿತೆಂದು ನನ್ನ ಅನುಭವ. ಅದೇ ಋತು, ಅದೇ ಒಣಗಾಳಿ, ಅದೇ ಹೊಗೆಯ ವಾಸನೆ ತಿರುಗಿ ಬರುವ ದಿನವೇ ಎದೆ ಒಡೆಯುವ ದಿನ. ಹನ್ನೊಂದು ತಿಂಗಳು ಬಾಗಿಲು ತಟ್ಟಿದವನು ಆ ದಿನ ಬಾರದೆ ಹೋದರೆ? 90 ದಿನಗಳ ವಿಸ್ತರಣೆ ಉಂಟು. ಆದರೆ ಅದು ಹಕ್ಕಲ್ಲ, ಬೇಡಿ ಪಡೆಯಬೇಕಾದ ಅನುಗ್ರಹ. ಆಸ್ಟ್ರೇಲಿಯದ ವಿಕ್ಟೋರಿಯಾದಲ್ಲಿ 2009ರ ಫೆಬ್ರವರಿ 7ರ ಕಾಳ್ಗಿಚ್ಚಿಗೆ 173 ಮಂದಿ ಬಲಿಯಾದರು. ಬದುಕಿ ಉಳಿದವರನ್ನು ಮೆಲ್ಬರ್ನ್ ವಿಶ್ವವಿದ್ಯಾನಿಲಯದವರು ಅನೇಕ ವರ್ಷ ಅನುಸರಿಸಿ ನೋಡಿದರು. ಬಹುಮಂದಿ ಚೇತರಿಸಿಕೊಂಡಿದ್ದರು, ಆದರೆ ಉಪೇಕ್ಷಿಸಲಾಗದಷ್ಟು ಜನರಲ್ಲಿ ಐದು ವರ್ಷ, ಹತ್ತು ವರ್ಷಗಳ ಮೇಲೂ ಮನಸ್ಸಿನ ಗಾಯ ಹಸಿಯಾಗಿಯೇ ಇತ್ತು.

ಭಾರತದಲ್ಲಿಯೇ ಇದಕ್ಕೆ ನಿದರ್ಶನವಿದೆ. ಶಾಂತಿಪರ್ವವನ್ನೂ ಅನುಶಾಸನಪರ್ವವನ್ನೂ ತುಂಬಿದ ಭೀಷ್ಮೋಪದೇಶವೆಲ್ಲ ಮುಗಿದ ಮೇಲೆ, ಆಶ್ವಮೇಧಿಕ ಪರ್ವದ ಆರಂಭದಲ್ಲಿ, ಭೀಷ್ಮನಿಗೆ ಜಲತರ್ಪಣವಿತ್ತು ಮೇಲೆದ್ದ ಧರ್ಮರಾಯನು ಗಂಗೆಯ ದಡದಲ್ಲಿ ಮತ್ತೆ ಕುಸಿದು ಬೀಳುತ್ತಾನೆ. ಇಷ್ಟು ಹೇಳಿದುದು ವ್ಯರ್ಥವಾಯಿತೆ ಎಂದು ವ್ಯಾಸರಿಗೇ ಬೇಸರ. ನನಗೆ ಬಾಲ್ಯದಲ್ಲಿ ಇದು ಗ್ರಂಥಸಂಧಾನದ ದೋಷವೆಂದು ತೋರುತ್ತಿತ್ತು. ಹೆಂಡತಿಯನ್ನು ಕಳೆದುಕೊಂಡ ಮೂರನೆಯ ವರ್ಷದಲ್ಲಿ, ಕಾರಣವಿಲ್ಲದೆ, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅತ್ತ ದಿನ ಆ ಅಧ್ಯಾಯ ಅರ್ಥವಾಯಿತು.

ಬೇಸರಗೊಂಡರೂ ವ್ಯಾಸರು ಬಿಟ್ಟು ಹೋಗಲಿಲ್ಲ, ಅಶ್ವಮೇಧವನ್ನು ಮಾಡೆಂದರು. ಧರ್ಮರಾಯನು ಎತ್ತಿದ ಆಕ್ಷೇಪ ಹಣದ್ದೇ. ನನ್ನ ಕೋಶ ಬರಿದಾಗಿದೆ, ಯುದ್ಧದಲ್ಲಿ ತಂದೆಯರನ್ನು ಕಳೆದುಕೊಂಡ ಈ ಹುಡುಗ ಅರಸರ ಗಾಯಗಳು ಇನ್ನೂ ಹಸಿಯಾಗಿವೆ, ಇವರಿಂದ ನಾನು ಬೇಡಲಾರೆ ಎಂದನು. ಆಗ ವ್ಯಾಸರು ಹಿಮವತ್ಪರ್ವತದಲ್ಲಿ ಮರುತ್ತರಾಜನ ಯಜ್ಞದಿಂದ ಉಳಿದುಹೋದ ಹೊನ್ನಿನ ರಾಶಿಯನ್ನು ತೋರಿಸಿದರು. ಗಾಯಗೊಂಡವರ ಮೇಲೆಯೇ ಶಾಂತಿಯ ವೆಚ್ಚವನ್ನು ಹೇರಬಾರದೆಂಬ ಧರ್ಮರಾಯನ ಈ ಮಾತು ಪ್ಯಾರಡೈಸಿಗೆ ಅಕ್ಷರಶಃ ಒಪ್ಪುತ್ತದೆ. ತೆರಿಗೆ ಕೊಡಬೇಕಾದ ಮನೆಗಳೇ ಬೂದಿಯಾದ ಊರು ತನ್ನ ಸಾಂತ್ವನಕ್ಕೆ ತಾನೇ ಹಣ ಹೊಂದಿಸಿಕೊಳ್ಳಲಿ ಎನ್ನುವುದು ಎಲ್ಲಿಯ ನ್ಯಾಯ? ಕಿಚ್ಚಿಗೆ ಕಾರಣ ವಿದ್ಯುತ್ತಂತಿಯ ಗೋಪುರದಲ್ಲಿ ಸವೆದುಹೋಗಿದ್ದ ಒಂದು ಕೊಂಡಿ. ಅದರ ಒಡೆತನದ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯು 2020ರಲ್ಲಿ 84 ಮಂದಿಯ ಸಾವಿಗೆ ತಾನು ಅಪರಾಧಿಯೆಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಆ ಊರವರ ಪಾಲಿಗೆ ಇದೇ ವೃಥಾಗ್ನಿಯ ಪ್ರಶ್ನೆಗೆ ಬಂದ ಉತ್ತರ. ನಾರದನ ಉತ್ತರದಂತೆ ಅದು ಮನಸ್ಸನ್ನು ತಣಿಸುವಂಥದಲ್ಲ, ಆದರೂ ಸತ್ಯ.

ಇದನ್ನೆಲ್ಲ ಮಿತ್ರರ ಮುಂದಿಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಒಪ್ಪಿದೆ ಮೇಷ್ಟ್ರೆ. ಆದರೆ ನಾನು ಇಡೀ ಸರ್ವೀಸಿನಲ್ಲಿ ಕಂಡದ್ದೊಂದು ಹೇಳುತ್ತೇನೆ. ಘೋಷಣೆಯಾದ ಊರಿಗೆ ಹಣ ಬರುತ್ತದೆ. ಐದೇ ಮನೆ ಸುಟ್ಟ ಊರಿಗೆ ಘೋಷಣೆ ಬರುವುದಿಲ್ಲ. ಆ ಐದು ಮನೆಯವರ ಬಳಿ ಯಾರು ಕುಳಿತುಕೊಳ್ಳಬೇಕು?" ಎಂದು ಕೇಳಿದರು. ನೆರೆಯವರು ಎಂದೆ. "ನೆರೆಯವರು ಈಗ ಎಲ್ಲಿದ್ದಾರೆ? ಅರ್ಧ ಮನೆಗೆ ಬೀಗ, ಮಕ್ಕಳೆಲ್ಲ ಬೆಂಗಳೂರಿನಲ್ಲಿ" ಎಂದು ಅವರು ಕೊಡೆಯನ್ನು ಎತ್ತಿಕೊಂಡು ಎದ್ದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.