ಮರೆತುಹೋದ ಪರಿಗ್ರಹ

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಬಳಿಯಿರುವ ಕನಕಗಿರಿಯನ್ನು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಜೈನಪರಂಪರೆ ಬಹುಕಾಲದಿಂದ ಗೌರವಿಸುತ್ತ ಬಂದಿದೆ. ಗುಂಡ್ಲುಪೇಟೆಯ ನಮ್ಮ ಮನೆಯಿಂದ ಆ ಬೆಟ್ಟಕ್ಕೆ ನಾನು ಹಲವು ಸಲ ಹೋಗಿಬಂದಿರುವೆನಾದರೂ, ಆ ಮಹಾನುಭಾವರು ಉಮಾಸ್ವಾತಿಗಳ ತತ್ತ್ವಾರ್ಥಸೂತ್ರಕ್ಕೆ ರಚಿಸಿದ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನದ ಒಂದು ಚರ್ಚೆಯ ಮರ್ಮ ನನಗೆ ಹೊಳೆದುದು ಬೆಟ್ಟದ ಮೇಲಲ್ಲ. ಮನೆಯ ಜಗಲಿಯ ಮೇಲೆ, ಮಗಳ ಕೈಯಲ್ಲಿದ್ದ ನನ್ನದೇ ಮೊಬೈಲಿನಿಂದ.

ಆಷಾಢದ ಗಾಳಿ ಬೀಸುತ್ತಿದ್ದ ಸಂಜೆ. “ಅಪ್ಪಾ, ಈ ನೂರನಲವತ್ತೊಂಬತ್ತು ರೂಪಾಯಿ ತಿಂಗಳು ತಿಂಗಳೂ ಯಾತಕ್ಕೆ ಕಟ್ಟಾಗ್ತಾ ಇದೆ?” ಎಂದಳು ಅವಳು. ಹಿಂದಿನ ವರ್ಷದ ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗನು ಹಟಹಿಡಿದುದರಿಂದ ಕಾರ್ಟೂನು ತೋರಿಸುವ ಒಂದು ಆ್ಯಪಿಗೆ ಚಂದಾ ಕಟ್ಟಿದ್ದೆನು. ಮೊಮ್ಮಗನು ಬೆಂಗಳೂರಿಗೆ ಹಿಂದಿರುಗಿದನು. ಚಂದಾ ಮಾತ್ರ ನಮ್ಮ ಮನೆಯಲ್ಲಿಯೇ ಉಳಿಯಿತು. ಅದರ ಕೆಳಗೆ ಇನ್ನೊಂದು ಸಾಲು: ಸಂಸ್ಕೃತ ಕಲಿಸುವ ಆ್ಯಪಿಗೆ 249 ರೂಪಾಯಿ. ಎರಡೂ ಸೇರಿ ತಿಂಗಳಿಗೆ 398, ವರ್ಷಕ್ಕೆ 4,776. ಅದರಲ್ಲಿ ಒಂದನ್ನು ನೋಡುವವರಿಲ್ಲ, ಮತ್ತೊಂದನ್ನು ಓದುವವರಿಲ್ಲ.

ನಮ್ಮ ತಂದೆಯವರ ಕಾಲದಲ್ಲಿಯೂ ಚಂದಾ ಎಂಬುದು ಇತ್ತು. ಅಂಚೆಯಲ್ಲಿ ಬರುವ ಮಾಸಪತ್ರಿಕೆಯೊಡನೆ, ಈ ಸಂಚಿಕೆಗೆ ತಮ್ಮ ಚಂದಾ ಮುಗಿಯಿತೆಂಬ ಒಂದು ಚೀಟಿ ಬಂದರೆ, ಬೇಕಾದವರು ಅಂಚೆಕಚೇರಿಗೆ ನಡೆದುಹೋಗಿ ಮನಿಯಾರ್ಡರ್ ಮಾಡುತ್ತಿದ್ದರು. ಬೇಡವಾದವರು ಸುಮ್ಮನೆ ಕುಳಿತರೆ ಸಾಕಾಗಿತ್ತು. ಅಂದು ಕೊಡುವುದಕ್ಕೆ ಎಚ್ಚರ ಬೇಕಾಗಿತ್ತು. ಇಂದು ಕೊಡದಿರುವುದಕ್ಕೆ ಎಚ್ಚರ ಬೇಕಾಗಿದೆ. ಈ ವಿಪರ್ಯಾಸವನ್ನು ಸರ್ಕಾರವೂ ಬಲ್ಲದು. ಹಣ ತಾನಾಗಿಯೇ ಕಟ್ಟಾಗುವುದಕ್ಕೆ 24 ಗಂಟೆಗಳ ಮುನ್ನ ಗ್ರಾಹಕನಿಗೆ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸುಲಭವಾಗಿ ಒಳಗೆ ಸೇರಿಸಿಕೊಂಡು ಹೊರಗೆ ಬರುವ ದಾರಿಯನ್ನು ಮರೆಮಾಡುವ ‘ಚಂದಾ ಬಲೆ’ಯನ್ನು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೆಸರಿಸಿದ 13 ಕುಟಿಲ ತಂತ್ರಗಳಲ್ಲಿ ಒಂದಾಗಿ ಎಣಿಸಿದೆ. ಆದರೆ ನನಗೆ ಆ 24 ಗಂಟೆಗಳ ಸಂದೇಶ ತಪ್ಪದೆ ಬರುತ್ತಿತ್ತು. ನಾನು ಓದದೆ ಬಿಡುತ್ತಿದ್ದೆನು. ಆದುದರಿಂದ ಬಲೆಯನ್ನು ದೂರಿ ಪ್ರಯೋಜನವಿಲ್ಲ. ಸಿಕ್ಕಿಬಿದ್ದವನ ಮನಸ್ಸನ್ನು ನೋಡಬೇಕು.

ಇಲ್ಲಿ ತತ್ತ್ವದ ಪ್ರಶ್ನೆಯೊಂದು ಏಳುವುದು. ಪರಿಗ್ರಹವು, ಎಂದರೆ ನನ್ನದೆಂದು ಹಿಡಿದಿಟ್ಟುಕೊಳ್ಳುವಿಕೆಯು, ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಣ ಮೂರ್ಛೆಯಲ್ಲಿದೆ ಎಂಬುದು ಸೂತ್ರಕಾರರ ಅಭಿಪ್ರಾಯ. ಹಾಗಾದರೆ, ಇದೆಯೆಂಬುದೇ ನನಗೆ ಮರೆತುಹೋದ ವಸ್ತುವಿನ ಮೇಲೆ ನನಗೆ ಮೋಹವೆಲ್ಲಿಯದು? ಮೋಹವಿಲ್ಲದ ಮೇಲೆ ನಾನು ಅಪರಿಗ್ರಹಿಯೇ ಆದೆನಲ್ಲವೆ? ಮಗಳೆದುರಿಗೆ ಈ ವಾದವನ್ನು ಹೂಡಿ ಪಾರಾಗಬಹುದಾಗಿತ್ತು. ಆದರೆ ಪೂಜ್ಯಪಾದರು ಆ ದಾರಿಯನ್ನು ಮೊದಲೇ ಮುಚ್ಚಿದ್ದಾರೆ. ಮೂರ್ಛೆಯೆಂದರೆ ಲೋಕದಲ್ಲಿ ವಾತಾದಿ ದೋಷಗಳ ಪ್ರಕೋಪದಿಂದ ಎಚ್ಚರದಪ್ಪುವುದಲ್ಲವೆ, ಆ ಅರ್ಥವನ್ನು ಇಲ್ಲಿ ಏಕೆ ಹಿಡಿಯಬಾರದು ಎಂಬ ಆಕ್ಷೇಪವನ್ನು ಅವರೇ ಎತ್ತಿ, ಶಬ್ದದ ಸಾಮಾನ್ಯಾರ್ಥವು ಪ್ರಕರಣಕ್ಕೆ ತಕ್ಕಂತೆ ವಿಶೇಷಾರ್ಥದಲ್ಲಿ ನಿಲ್ಲುವುದೆಂದು ಸಮಾಧಾನ ಹೇಳಿ, ದನ, ಎಮ್ಮೆ, ಮಣಿ, ಮುತ್ತು ಮೊದಲಾದ ಬಾಹ್ಯೋಪಾಧಿಗಳನ್ನೂ ರಾಗಾದಿ ಆಂತರಿಕೋಪಾಧಿಗಳನ್ನೂ ಗಳಿಸುವ ಕಾಯುವ ವ್ಯಾಪಾರವೇ ಇಲ್ಲಿ ಮೂರ್ಛೆಯೆಂದು ನಿರ್ಣಯಿಸುತ್ತಾರೆ. ಇಷ್ಟಕ್ಕೇ ನಿಲ್ಲದೆ, ಹಿಂಸೆಯ ಲಕ್ಷಣದಲ್ಲಿ ಬಂದ ಪ್ರಮತ್ತಯೋಗ, ಎಂದರೆ ಎಚ್ಚರಗೇಡಿನ ವ್ಯಾಪಾರ, ಎಂಬ ಮಾತು ಇಲ್ಲಿಗೂ ಅನುವರ್ತಿಸುವುದೆಂದೂ, ಪ್ರಮಾದವಿಲ್ಲದವನಿಗೆ ಮೂರ್ಛೆಯಿಲ್ಲವೆಂದೂ ಸೇರಿಸುತ್ತಾರೆ. ಮರೆವು ನಿರ್ದೋಷತೆಗೆ ಸಾಕ್ಷಿಯೆಂದು ನಾನು ತಿಳಿದಿದ್ದೆನು; ಶಾಸ್ತ್ರದ ಕಣ್ಣಿಗೆ ಅಂಥ ಅಜಾಗರೂಕತೆಯೇ ದೋಷದ ಮೂಲ. ಅವರು ವಿವೇಚಿಸಿ ಬೇರ್ಪಡಿಸಿದ ಎರಡು ಮೂರ್ಛೆಗಳು, ಆಸಕ್ತಿಯೂ ಎಚ್ಚರದಪ್ಪುವಿಕೆಯೂ, ನನ್ನ ಬ್ಯಾಂಕಿನ ಲೆಕ್ಕದಲ್ಲಿ ಮತ್ತೆ ಒಂದಾಗಿ ಕುಳಿತಿದ್ದುವು.

ಕಾರ್ಟೂನಿನ ಚಂದಾ ಅರೆನಿಮಿಷದಲ್ಲಿ ನಿಂತಿತು. ಸಂಸ್ಕೃತದ್ದು ಬಂದಾಗ “ಇದಿರಲಿ ಬಿಡು” ಎಂದೆನು. “ಎಷ್ಟು ಪಾಠ ಆಯ್ತು?” ಎಂದಳು. ಮೂರು. ಆ ಮೂರು ಪಾಠಗಳಿಗಾಗಿ ಅಲ್ಲ, ಎಂದೋ ಒಂದು ದಿನ ಕಾಳಿದಾಸನನ್ನು ಮೂಲದಲ್ಲಿ ಓದಬಲ್ಲ ಮನುಷ್ಯನಾಗುವೆನೆಂಬ ನನ್ನ ಚಿತ್ರವೊಂದನ್ನು ಇರಿಸಿಕೊಳ್ಳುವುದಕ್ಕಾಗಿ ನಾನು ತಿಂಗಳಿಗೆ 249 ರೂಪಾಯಿ ಬಾಡಿಗೆ ತೆರುತ್ತಿದ್ದೆನು. ದನವಲ್ಲ, ಮುತ್ತಲ್ಲ, ಕೊಟ್ಟಿಗೆಯೂ ಬೇಡ, ಪೆಟ್ಟಿಗೆಯೂ ಬೇಡ. ಆಂತರಿಕೋಪಾಧಿಯೆಂದರೆ ಇದೇ ಇರಬೇಕು. ಅದನ್ನು ನಿಲ್ಲಿಸುವಾಗ ಹಣ ಉಳಿದ ಸಂತೋಷಕ್ಕಿಂತ, ಆ ಮನುಷ್ಯನು ನಾನಲ್ಲವೆಂದು ಒಪ್ಪಿಕೊಂಡ ನೋವು ಹೆಚ್ಚಾಗಿತ್ತು.

ಉಳಿದ ಹಣವನ್ನು ಎಣಿಸಿ ಎಣಿಸಿ ಹಿಗ್ಗಿದರೆ ಪರಿಗ್ರಹವು ಒಂದು ಬಾಗಿಲಿನಿಂದ ಹೊರಟು ಇನ್ನೊಂದರಿಂದ ಒಳಬಂದಂತೆಯೇ ಸರಿ. ಆದುದರಿಂದಲೇ ಶ್ರಾವಕಾಚಾರವು ಗೃಹಸ್ಥನಿಗೆ ಸರ್ವತ್ಯಾಗವನ್ನು ವಿಧಿಸದೆ ಪರಿಮಾಣವನ್ನು ವಿಧಿಸಿತು. ಒಮ್ಮೆ ಅನುಭವಿಸಿ ಮುಗಿಯುವ ಅನ್ನಾದಿಗಳು ಭೋಗ, ಮತ್ತೆ ಮತ್ತೆ ಅನುಭವಿಸುವ ವಸ್ತ್ರಾದಿಗಳು ಉಪಭೋಗ ಎಂದು ವಿಂಗಡಿಸಿದ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು, ಅವುಗಳ ಪರಿಮಾಣವನ್ನು ಕಾಲದ ಮಿತಿಯಿಟ್ಟು ಕೈಗೊಳ್ಳುವುದನ್ನು ನಿಯಮವೆಂದೂ ಜೀವಾವಧಿ ಕೈಗೊಳ್ಳುವುದನ್ನು ಯಮವೆಂದೂ ಹೇಳುತ್ತದೆ. ಒಮ್ಮೆಯೂ ಅನುಭವಿಸದೆ ಪ್ರತಿ ತಿಂಗಳೂ ಬೆಲೆ ತೆರುವ ಮೂರನೆಯ ಬಗೆಯೊಂದು ಹುಟ್ಟೀತೆಂದು ಆ ಕಾಲದಲ್ಲಿ ಯಾರು ತಾನೆ ಊಹಿಸಬಲ್ಲವರಾಗಿದ್ದರು!

ದಸರಾ ರಜೆಗೆ ಮೊಮ್ಮಗನು ಮತ್ತೆ ಬಂದನು, ಮತ್ತೆ ಕಾರ್ಟೂನು ಕೇಳಿದನು. ಇಲ್ಲವೆನ್ನಲು ನಾನು ಮುನಿಯಲ್ಲ, ಚಂದಾ ಕಟ್ಟಿದೆನು. ಆದರೆ ಈ ಸಲ ಅವನನ್ನೇ ಎತ್ತಿಕೊಂಡು ಗೋಡೆಯ ಕ್ಯಾಲೆಂಡರಿನ ಬಳಿಗೆ ಹೋಗಿ, ಅವನು ಊರಿಗೆ ಹೊರಡುವ ದಿನದ ಸುತ್ತ ಕೆಂಪು ಶಾಯಿಯಲ್ಲಿ ಒಂದು ವೃತ್ತವನ್ನು ಅವನ ಕೈಯಿಂದಲೇ ಬರೆಯಿಸಿದೆನು.