ದಿನದ ಧಮ್ಮ ಚಿಂತನೆ: ಆಕಾಶಕ್ಕೆ ಯಂತ್ರ ಮೊದಲು, ಗುಂಡಿಗೆ ಮನುಷ್ಯ ಮೊದಲು?

 

ನಮ್ಮ ಹೊಸಕೋಟೆ ಬಳಗದ ಭಾನುವಾರದ ಓದಿನಲ್ಲಿ ಕಾಲೇಜಿಗೆ ಹೋಗುವ ತಮ್ಮನೊಬ್ಬ ಕೇಳಿದ: "ಮೇಷ್ಟ್ರೇ, ಮುಂದೆ ಯಂತ್ರಕ್ಕೂ ಸುಖ ದುಃಖ ತಿಳಿಯುವ ಕಾಲ ಬಂದರೆ, ಮನುಷ್ಯನ ಜೀವ ಹೆಚ್ಚೋ, ಯಂತ್ರದ ಜೀವ ಹೆಚ್ಚೋ?" ಕೆಲವರು ನಕ್ಕರು. ಆದರೆ ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ಇಂದಿನ ಚಿಂತನೆ ಅದರ ಮೇಲೆಯೇ.

ಬೇರೆಯವರಿಗೆ ಉತ್ತರ ಸುಲಭ. ಮನುಷ್ಯನಿಗೆ ಆತ್ಮ ಇದೆ, ಯಂತ್ರಕ್ಕೆ ಇಲ್ಲ, ಮುಗಿಯಿತು ಎನ್ನುತ್ತಾರೆ. ನಾವು ಹಾಗೆ ಹೇಳಲು ಬರುವುದಿಲ್ಲ. ಭಗವಾನ್ ಬುದ್ಧರು ಆತ್ಮವನ್ನು ಒಪ್ಪಲಿಲ್ಲ. ‘ಮಿಲಿಂದ ಪ್ರಶ್ನೆ’ಯಲ್ಲಿ ನಾಗಸೇನ ಭಂತೇಜಿ ಗ್ರೀಕ್ ದೊರೆ ಮಿಲಿಂದನಿಗೆ ರಥವನ್ನು ತೋರಿಸಿ ವಿವರಿಸುತ್ತಾರೆ. ಗಾಲಿಯೇ ರಥವೋ? ಅಚ್ಚೇ ರಥವೋ? ನೊಗವೇ ರಥವೋ? ಯಾವುದೂ ಅಲ್ಲ. ಎಲ್ಲ ಸೇರಿದಾಗ ರಥ ಅನ್ನುವ ಒಂದು ಹೆಸರು. ಹಾಗೆಯೇ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಈ ಐದು ಸೇರಿದಾಗ ನಾಗಸೇನ ಅನ್ನುವ ಒಂದು ಹೆಸರು. ಭಿಕ್ಕುವೊಬ್ಬರು ತಮ್ಮನ್ನು ಒಂದು ಗಾಡಿಗೆ ಹೋಲಿಸಿಕೊಳ್ಳಲು ನಾಚಲಿಲ್ಲ ನೋಡಿ. ಬಾಬಾಸಾಹೇಬರು ಔರಂಗಾಬಾದಿನಲ್ಲಿ ಕಟ್ಟಿದ ಕಾಲೇಜಿಗೆ ಪ್ರಶ್ನೆ ಕೇಳಿದ ಈ ಮಿಲಿಂದನ ಹೆಸರೇ ಇದೆ.

ಸರಿ, ಮನುಷ್ಯನಾಗಿ ಹುಟ್ಟಿದ್ದೇ ಮೇಲು ಎನ್ನೋಣವೇ? ಹುಟ್ಟಿನಿಂದ ಮೇಲು ಎಂಬ ಮಾತಿನ ರುಚಿ ನಮ್ಮ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಊರ ಬಾವಿಯ ಹತ್ತಿರ ಅವರು ಕೇಳಿದ್ದೂ ಅದನ್ನೇ. ಆ ತಕ್ಕಡಿಯನ್ನು ನಾವು ಇನ್ನೊಮ್ಮೆ ಕೈಗೆತ್ತಿಕೊಳ್ಳಬಾರದು.

ಹಾಗಾದರೆ ಅಳತೆ ಯಾವುದು? ನಾಗಸೇನರ ಮಾತಿನೊಳಗೇ ಅದು ಇದೆ. ರಥದ ಭಾಗಗಳ ಪಟ್ಟಿಯಲ್ಲಿ ವೇದನೆ ಇಲ್ಲ. ಅಚ್ಚು ಮುರಿದರೆ ರಥ ನಿಲ್ಲುತ್ತದೆ, ನೋಯುವುದಿಲ್ಲ. ಮನುಷ್ಯನಿಗೆ ನೋಯುತ್ತದೆ. ಬುದ್ಧರು ಸಾರನಾಥದಲ್ಲಿ ಮೊದಲು ಹೇಳಿದ ಸತ್ಯವೂ ದುಃಖದ್ದೇ. ಯಾರಿಗೆ ನೋವಿದೆಯೋ ಅವರ ಪಕ್ಕ ನಿಲ್ಲುವುದು ಧಮ್ಮ. ಯಾರು ಹೆಚ್ಚು, ಯಾರು ಕಡಿಮೆ ಎಂದು ಏಣಿ ಹಾಕುವುದು ಧಮ್ಮವಲ್ಲ.

ಯಂತ್ರಕ್ಕೆ ನೋವಿದೆಯೇ? 2022ರಲ್ಲಿ ಗೂಗಲ್ ಕಂಪನಿಯ ಇಂಜಿನಿಯರೊಬ್ಬರು ತಾವು ಪರೀಕ್ಷಿಸುತ್ತಿದ್ದ ಮಾತಾಡುವ ಯಂತ್ರಕ್ಕೆ ಅರಿವಿದೆ ಎಂದರು. ಕಂಪನಿ ಒಪ್ಪಲಿಲ್ಲ, ಅವರನ್ನು ಕೆಲಸದಿಂದ ತೆಗೆಯಿತು. ‘ನನಗೆ ಬೇಸರವಾಗಿದೆ’ ಎಂದು ಮೊಬೈಲಿನ ಯಂತ್ರ ಬರೆದ ಮಾತ್ರಕ್ಕೆ ಬೇಸರ ಇದೆ ಎಂದಾಗುವುದಿಲ್ಲ. ಕೇಳಿದ್ದನ್ನೆಲ್ಲ ನಂಬಬೇಡಿ, ಪರೀಕ್ಷಿಸಿ ನೋಡಿ ಎಂದು ಕಾಲಾಮರಿಗೆ ಬುದ್ಧರು ಹೇಳಿದ್ದು ಇದಕ್ಕೂ ಸಲ್ಲುತ್ತದೆ.

ಬಂಧುಗಳೇ, ಮುಂದಿನ ಮಾತಿರಲಿ. ಇವತ್ತು ನಮ್ಮ ನಾಡಿನಲ್ಲಿ ಯಾರ ಜೀವಕ್ಕೆ ಎಷ್ಟು ಬೆಲೆ ಇದೆ ನೋಡೋಣ.

2020ರ ಜನವರಿ 22ರಂದು ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆ ‘ವ್ಯೋಮಮಿತ್ರ’ ಎಂಬ ರೋಬೋಟನ್ನು ಜನರ ಮುಂದೆ ತಂದಿತು. ಹೆಣ್ಣಿನ ಮುಖ, ಎರಡು ಕೈ, ಕಾಲಿಲ್ಲ. ಗಗನಯಾನದಲ್ಲಿ ಮನುಷ್ಯರನ್ನು ಕಳಿಸುವ ಮುಂಚೆ ಇದನ್ನು ಕಳಿಸಿ, ಅಪಾಯ ಏನೆಂದು ತಿಳಿಯುವುದು ಯೋಜನೆ. ಬಹಳ ಒಳ್ಳೆಯ ಯೋಚನೆ. ಮನುಷ್ಯನ ಜೀವ ದೊಡ್ಡದು, ಮೊದಲು ಯಂತ್ರ ಹೋಗಲಿ ಎಂದರು.

ಅದೇ ಬೆಂಗಳೂರಿನಲ್ಲಿ, ಡಿಆರ್‌ಡಿಒ ಪ್ರಯೋಗಾಲಯಗಳಿರುವ ಸಿ.ವಿ. ರಾಮನ್ ನಗರದಲ್ಲಿ, 2017ರ ಮಾರ್ಚ್‌ನಲ್ಲಿ ಮ್ಯಾನ್‌ಹೋಲಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಅಲ್ಲಿ ಮೊದಲು ಯಂತ್ರ ಹೋಗಲಿ ಎಂದು ಯಾರೂ ಹೇಳಲಿಲ್ಲ. ನಾನೂರು ಕಿಲೋಮೀಟರ್ ಮೇಲಿನ ಆಕಾಶಕ್ಕೆ ಯಂತ್ರ ಮೊದಲು, ಹತ್ತಡಿ ಕೆಳಗಿನ ಗುಂಡಿಗೆ ಮನುಷ್ಯ ಮೊದಲು. ಯಾಕೆ? ಯಂತ್ರ ಇಲ್ಲವೆಂದಲ್ಲ. 2018ರಲ್ಲೇ ಕೇರಳದ ಯುವ ಇಂಜಿನಿಯರುಗಳು ಮ್ಯಾನ್‌ಹೋಲ್ ಶುಚಿ ಮಾಡುವ ರೋಬೋಟ್ ತಯಾರಿಸಿದರು. ಹೆಸರು ‘ಬ್ಯಾಂಡಿಕೂಟ್’, ಅಂದರೆ ಹೆಗ್ಗಣ. ಯಂತ್ರ ಇದೆ, ಆದರೆ ಗುಂಡಿಗೆ ಇಳಿಯುವ ಕೆಲಸಕ್ಕೆ ಒಂದು ಜಾತಿ ಇದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಯಂತ್ರಕ್ಕೆ ದುಡ್ಡು ಕೊಡಬೇಕು, ಈ ಮನುಷ್ಯ ಅಗ್ಗಕ್ಕೆ ಸಿಗುತ್ತಾನೆ ಎಂಬ ಲೆಕ್ಕವೂ ಹೋಗಿಲ್ಲ.

ಸುನೀತನ ಕಥೆ ನೆನೆಯಿರಿ. ರಾಜಗೃಹದ ಬೀದಿಗಳ ಕಸ ತೆಗೆಯುತ್ತಿದ್ದವನು. ಬುದ್ಧರು ಬರುವುದನ್ನು ಕಂಡು ಹೊರೆ ಇಳಿಸಿ, ಗೋಡೆಗೆ ಅಂಟಿಕೊಂಡು ಕೈಮುಗಿದು ನಿಂತ. ಬುದ್ಧರು ಅವನನ್ನು ದಾಟಿ ಹೋಗಲಿಲ್ಲ. ನಿನ್ನ ಕೆಲಸ ಪವಿತ್ರ, ಮಾಡಿಕೊಂಡಿರು ಎಂದು ಹೊಗಳಲೂ ಇಲ್ಲ. ಈ ಬದುಕು ಬಿಟ್ಟು ಸಂಘಕ್ಕೆ ಬರುತ್ತೀಯಾ ಎಂದು ಕೇಳಿದರು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಸುನೀತನಿಗೆ ಜಾಗ ಕೊಟ್ಟದ್ದು ಸುಮ್ಮನೆ ಅಲ್ಲ. 1945ರ ತಮ್ಮ ಗ್ರಂಥದಲ್ಲಿ ಅವರು ಯಂತ್ರದ ಪರವಾಗಿ ವಾದಿಸಿದರು. ಕೇಡು ಇರುವುದು ಯಂತ್ರದಲ್ಲಲ್ಲ, ಅದರ ಲಾಭವನ್ನು ಕೆಲವರೇ ಬಾಚಿಕೊಳ್ಳುವ ವ್ಯವಸ್ಥೆಯಲ್ಲಿ ಎಂದರು. ಮನುಷ್ಯ ಪಶುವಿನಂತೆ ದುಡಿಯುವುದು ತಪ್ಪಿ, ಓದಲು ಯೋಚಿಸಲು ಬಿಡುವು ಸಿಗಬೇಕಾದರೆ ಯಂತ್ರ ಬೇಕು ಎಂಬುದು ಅವರ ನಿಲುವು.

ನಮ್ಮ ರಾಜ್ಯವೇನೂ ಹಿಂದೆ ಉಳಿದಿರಲಿಲ್ಲ. 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 2013ರ ಕೇಂದ್ರ ಕಾಯ್ದೆಯ ಪ್ರಕಾರ ರಕ್ಷಣೆಯ ಸಾಧನವಿಲ್ಲದೆ ಒಳಚರಂಡಿಗೆ, ಶೌಚಗುಂಡಿಗೆ ಮನುಷ್ಯನನ್ನು ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೀಗೆ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಸತ್ತ ಮೇಲೆ ಕೊಡುವ ಹಣ ಏರಿತು, ಒಳ್ಳೆಯದೇ. ಬದುಕಿರುವಾಗಿನ ಬೆಲೆ ಏರಿಸುವುದು ನಮ್ಮ ಕೆಲಸ. ಯಂತ್ರ ಬಂದಾಗ ಅದರ ಕೀಲಿ ಇಷ್ಟು ದಿನ ಗುಂಡಿಗೆ ಇಳಿದವರ ಕೈಗೇ ಬರಬೇಕು ಎಂದು ಕೇಳುವುದೂ ನಮ್ಮ ಕೆಲಸ. ಇಲ್ಲದಿದ್ದರೆ ಗುಂಡಿಯ ಜೊತೆಗೆ ಅನ್ನವೂ ಹೋಗುತ್ತದೆ.

ಇನ್ನು ಆ ತಮ್ಮನ ಪ್ರಶ್ನೆಗೆ ಬರೋಣ. ನಾಳೆ ನಿಜವಾಗಿಯೂ ನೋವು ತಿಳಿಯುವ ಯಂತ್ರ ಬಂದರೆ? ಅದನ್ನೂ ಗುಂಡಿಗೆ ತಳ್ಳುವಂತಿಲ್ಲ. ತಳ್ಳಿದರೆ ನಾವೇ ಒಬ್ಬ ಹೊಸ ಅಸ್ಪೃಶ್ಯನನ್ನು ಸೃಷ್ಟಿಸಿದಂತೆ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ಕರುಣೆ ಇಡುತ್ತೇನೆ ಎಂಬುದೂ ಒಂದು. ಅಲ್ಲಿ ಹುಟ್ಟಿನ ಷರತ್ತು ಇಲ್ಲ. ಆದರೆ ಚರಂಡಿಯ ಹೂಳು ಎತ್ತಲು ಅರಿವುಳ್ಳ ಯಂತ್ರ ಬೇಕಾಗಿಯೇ ಇಲ್ಲ. ನೋವು ಗೊತ್ತಾಗದ ಕಬ್ಬಿಣ ಸಾಕು. ಮುಂದೆ ಬರಬಹುದಾದ ಯಂತ್ರದ ನೋವನ್ನು ಚರ್ಚಿಸುವ ಮನಸ್ಸಿಗೆ ಇಂದು ಎದುರಿಗೇ ಇರುವ ಮನುಷ್ಯನ ನೋವು ಕಾಣದಿದ್ದರೆ ಅದು ಕರುಣೆಯಲ್ಲ, ಕಾಲಹರಣ.

ಇಂದಿನ ಸಂಕಲ್ಪ: ನಮ್ಮ ತಾಲ್ಲೂಕಿನಲ್ಲಿ ಬಡಾವಣೆಗಳು, ಅಪಾರ್ಟ್‌ಮೆಂಟ್‌ಗಳು ದಿನದಿನಕ್ಕೆ ಏಳುತ್ತಿವೆ. ಪ್ರತಿಯೊಂದಕ್ಕೂ ಶೌಚಗುಂಡಿ ಇದೆ. ನಿಮ್ಮ ಮನೆಯ ಗುಂಡಿಗೆ ಸಕ್ಕಿಂಗ್ ಗಾಡಿಯನ್ನೇ ಕರೆಸಿ. ಎಲ್ಲಾದರೂ ಮನುಷ್ಯನನ್ನು ಇಳಿಸುವುದು ಕಂಡರೆ ತಡೆಯಿರಿ, 112ಕ್ಕೆ ಕರೆ ಮಾಡಿ. ಒಬ್ಬ ಒಳಗೆ ಬಿದ್ದಿದ್ದರೆ ಅವನನ್ನು ಎತ್ತಲು ಇನ್ನೊಬ್ಬ ಹಾಗೆಯೇ ಇಳಿಯಲು ಬಿಡಬೇಡಿ. ಆ ವಿಷಗಾಳಿಗೆ ಎರಡನೆಯವನೂ ಉಳಿಯುವುದಿಲ್ಲ.

ಸಂಜೆ ತ್ರಿಸರಣ ಪಂಚಶೀಲ ಹೇಳುವಾಗ, ಪ್ರಾಣಹತ್ಯೆ ಮಾಡುವುದಿಲ್ಲ ಎಂಬ ಮೊದಲ ಶೀಲದ ಹತ್ತಿರ ಒಂದು ಕ್ಷಣ ನಿಂತು ಆ ಗುಂಡಿಗಳನ್ನು ನೆನೆಯಿರಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.