ಮೇಜಿನ ಈಚೆ ಬದಿ

(ತುಮಕೂರು ಸೀಮೆಯ ಒಂದು ಊರು. ಅತ್ತಿಗೆ ಪ್ರಾಥಮಿಕ ಶಾಲೆಯ ಟೀಚರಾಗಿ ನಿವೃತ್ತರಾದವರು. ಈಗ ಪಂಚಾಯಿತಿಯ ಅರಿವು ಕೇಂದ್ರದ ಜಗಲಿಯಲ್ಲಿ ಕೂತು, ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡುತ್ತಾರೆ. ಮೈದುನ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು, ಅರವತ್ತು ತುಂಬಿ ಈಚೆಗೆ ಹೊರಬಂದವರು. ಅತ್ತಿಗೆ ಮದುವೆಯಾಗಿ ಮನೆಗೆ ಬಂದಾಗ ಅವರಿನ್ನೂ ಶಾಲೆಯ ಹುಡುಗ.)

ಮೈದುನ: ಪಿಂಚಣಿ ಬರುತ್ತೆ, ಆರೋಗ್ಯ ಇದೆ, ಮಕ್ಕಳು ಒಂದು ದಡ ಸೇರಿದ್ದಾರೆ. ಆದರೂ ಬೆಳಿಗ್ಗೆ ಎದ್ದರೆ, ಯಾರಿಗೂ ಬೇಡದವನಾದೆ ಅನ್ನಿಸುತ್ತೆ ಅತ್ತಿಗೆ. ಏನಾದರೂ ಸಮಾಜಸೇವೆ ಮಾಡೋಣ ಅಂತಿದ್ದೀನಿ.

ಅತ್ತಿಗೆ: ಯಾರಿಗೋಸ್ಕರ?

ಮೈದುನ: ಜನಕ್ಕೋಸ್ಕರ. ಮತ್ತಿನ್ಯಾರಿಗೆ?

ಅತ್ತಿಗೆ: ನೀನು ಹೇಳಿದ್ದರಲ್ಲಿ ಜನ ಕಾಣಲಿಲ್ಲ, ನಿನ್ನ ಬೆಳಗು ಕಾಣಿಸ್ತು. ತಪ್ಪು ಅಂತಿಲ್ಲ ಕಣಪ್ಪ. ಖಾಲಿತನವೂ ಒಂದು ನೋವೇ. ಆದರೆ ಅದನ್ನ ತುಂಬಿಕೊಳ್ಳೋಕೆ ಅಂತಲೇ ಹೊರಟರೆ, ಎದುರಿಗೆ ಬಂದವರ ಕಷ್ಟ ನಮಗೆ ಬೇಕಾಗಿಬಿಡುತ್ತೆ. ಅದು ಬೇಗ ತೀರಿದರೆ ಒಳಗೊಳಗೇ ಬೇಜಾರು ಶುರುವಾಗುತ್ತೆ. ಆಯ್ದಕ್ಕಿ ಲಕ್ಕಮ್ಮ ಗೊತ್ತಲ್ಲ?

ಮೈದುನ: ಗಂಡ ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ, ಇದು ನಮ್ಮದಲ್ಲ, ಅಲ್ಲೇ ಸುರಿದು ಬಾ ಅಂದವಳು.

ಅತ್ತಿಗೆ: ಆ ಅಕ್ಕಿ ಕದ್ದದ್ದಲ್ಲ, ಮಾರಿ ದುಡ್ಡು ಮಾಡೋಕೆ ತಂದದ್ದೂ ಅಲ್ಲ. ಅವರ ಮನೆಯಲ್ಲಿ ನಡೀತಿದ್ದದ್ದು ದಾಸೋಹ. ಆದರೂ ಬೇಡ ಅಂದಳು. ಒಳ್ಳೆ ಕೆಲಸದೊಳಗೂ ಆಸೆ ಬಂದು ಕೂರುತ್ತೆ ಅನ್ನೋದನ್ನ ಹನ್ನೆರಡನೇ ಶತಮಾನದ ಒಬ್ಬ ಬಡ ಹೆಂಗಸು ಕಂಡುಕೊಂಡಿದ್ದಳು. ಜನಕ್ಕೆ ನಾನು ಬೇಕಾಗಿರಬೇಕು ಅನ್ನೋದೂ ಅಂಥದ್ದೇ ಆಸೆ. ಯಾರ ಕಣ್ಣಿಗೂ ಆಸೆ ಥರ ಕಾಣಲ್ಲ ಅಷ್ಟೇ.

ಮೈದುನ: ಅಷ್ಟು ಕಟುವಾಗಿ ಅಳೆದರೆ ಯಾರೂ ಹೊಸಿಲು ದಾಟೋದಿಲ್ಲ. ಲಕ್ಕಮ್ಮ ಹೆಚ್ಚಿನ ಅಕ್ಕಿ ಬೇಡ ಅಂದಳು, ಆಯೋದನ್ನೇ ಬಿಡು ಅನ್ನಲಿಲ್ಲ. ಬೇಸರ ಕಳೆಯೋಕೆ ಅಂತ ಹೋದವನು ಕೆಲಸದಲ್ಲಿ ಮುಳುಗಿ ತನ್ನ ಬೇಸರ ಮರೆತರೆ?

ಅತ್ತಿಗೆ: ಅದನ್ನ ಒಪ್ತೀನಿ. ಹೊರಡುವಾಗಿನ ಕಾರಣವನ್ನ ಕೆಲಸವೇ ತಿದ್ದುತ್ತೆ, ತಿದ್ದಿಸಿಕೊಳ್ಳೋಕೆ ನಾವು ತಯಾರಿದ್ದರೆ. ಜಿ. ವೆಂಕಟಸುಬ್ಬಯ್ಯನವರನ್ನ ನೋಡು. 1973ರಲ್ಲಿ ಕಾಲೇಜಿನಿಂದ ನಿವೃತ್ತರಾದರು, ತೀರಿಕೊಂಡದ್ದು 2021ರಲ್ಲಿ, ನೂರೇಳನೇ ವಯಸ್ಸಿನಲ್ಲಿ. ನಿವೃತ್ತಿ ಆದಮೇಲೂ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗೆ ದುಡಿದರು, ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಬರೆದರು. ಯಾವುದೋ ಊರಿನ ಓದುಗ ಒಂದು ಪದ ಕೇಳ್ತಿದ್ದ, ಅವರು ಉತ್ತರ ಕೊಡ್ತಿದ್ದರು. ಶುರು ಆಗ್ತಿದ್ದದ್ದು ಕೇಳಿದವನ ಪ್ರಶ್ನೆಯಿಂದ. ನನಗೆ ಆ ಅಂಕಣದ ಮೇಲೆ ಅಷ್ಟು ಪ್ರೀತಿ ಇದ್ದದ್ದು ಅದಕ್ಕೇ.

ಮೈದುನ: ನಾನು ಗಿಡ ನೆಡಿಸೋದು, ದೇವಸ್ಥಾನದ ಜೀರ್ಣೋದ್ಧಾರ ಅಂತ ಯೋಚಿಸಿದ್ದೆ. ಕಡತ, ಅರ್ಜಿ ಅಂದರೆ ಇನ್ನು ಸಾಕು ಅನ್ನಿಸುತ್ತೆ.

ಅತ್ತಿಗೆ: ಗಿಡ ನೆಡೋಕೆ ಊರಲ್ಲಿ ಇನ್ನೂ ನಾಲ್ಕು ಜನ ಸಿಗ್ತಾರೆ. ಮೊನ್ನೆ ಒಬ್ಬ ಅಜ್ಜಿ ಬಂದಿದ್ದರು. ಸಂಧ್ಯಾ ಸುರಕ್ಷಾ ಪಿಂಚಣಿ ದುಡ್ಡು, ತಿಂಗಳಿಗೆ ಸಾವಿರದ ಇನ್ನೂರು, ಬರ್ತಿದ್ದದ್ದು ನಿಂತುಹೋಗಿದೆ. ಎರಡು ಸಲ ತಾಲ್ಲೂಕಿಗೆ ಅಲೆದಿದ್ದಾರೆ. ಅರ್ಜಿ ಬರೆಯೋದು ನನಗೆ ಬರುತ್ತೆ. ಎಲ್ಲಿ ನಿಂತಿದೆ ಅಂತ ಹುಡುಕೋದು ಬರಲ್ಲ.

ಮೈದುನ: ಈಚೆಗೆ ಬೇರೆ ಬ್ಯಾಂಕಲ್ಲಿ ಖಾತೆ ತೆಗೆಸಿದ್ದಾರಾ?

ಅತ್ತಿಗೆ: ಸಂಘದ ಸಾಲಕ್ಕೆ ಅಂತ ತೆಗೆಸಿದ್ದರಂತೆ.

ಮೈದುನ: ಹಾಗಾದರೆ ದುಡ್ಡು ನಿಂತೇ ಇಲ್ಲದಿರಬಹುದು. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗಿ ಬೀಳುತ್ತೆ. ಅವರು ಹಳೇ ಪಾಸ್‌ಬುಕ್ಕನ್ನೇ ಹಿಡಿದು ಕೂತಿರ್ತಾರೆ. ಹೊಸ ಖಾತೆಯ ಪುಸ್ತಕ ಎಂಟ್ರಿ ಮಾಡಿಸಿ ನೋಡಬೇಕು. ಅಲ್ಲೂ ಇಲ್ಲ ಅಂದರೆ ಹೆಸರು ತಾಳೆ ಆಗದೇ ಇರಬಹುದು. ಆಧಾರ್‌ನಲ್ಲಿ ಒಂದು ಥರ, ಬ್ಯಾಂಕಲ್ಲಿ ಇನ್ನೊಂದು ಥರ ಇರುತ್ತೆ.

ಅತ್ತಿಗೆ: ಇಷ್ಟು ಹೇಳೋಕೆ ನಿನಗೆ ಒಂದು ನಿಮಿಷ ಹಿಡೀಲಿಲ್ಲ.

ಮೈದುನ: ಆದರೆ ಇದು ಕಚೇರಿಯವರು ಹೇಳಬೇಕಾದ್ದು ಅತ್ತಿಗೆ. ಸಂಬಳ ತಗೊಳ್ಳೋರು ಅವರು. ನಾವು ಜಗಲಿ ಮೇಲೆ ಕೂತು ಪುಕ್ಕಟೆ ಮಾಡಿಕೊಟ್ಟರೆ ಅವರು ಇನ್ನಷ್ಟು ಕೈಬಿಡ್ತಾರೆ. ಅಜ್ಜಿಯ ಹಕ್ಕು ನಮ್ಮ ದಯೆ ಆಗಿಬಿಡುತ್ತೆ. ಕುರ್ಚಿ ಮೇಲಿದ್ದಾಗ ಜನ ಕೈಮುಗಿದರೆ ನನಗೆ ಮೈ ಹಿಡಿಯಾಗೋದು. ಈಗಲೂ ಕೈಮುಗಿಸಿಕೊಳ್ಳಬೇಕಾ?

ಅತ್ತಿಗೆ: ಈ ಮಾತು ದೊಡ್ಡದು. ಸೇವೆ ಮಾಡೋರು ಬಹಳ ಜನ ಇದನ್ನ ಕೇಳಿಕೊಳ್ಳೋದೇ ಇಲ್ಲ. ನನ್ನ ಮಟ್ಟಿಗೆ ಒಂದು ಗೆರೆ ಹಾಕಿಕೊಂಡಿದ್ದೀನಿ. ಕಚೇರಿ ಮಾಡಬೇಕಾದ್ದನ್ನ ನಾನು ಮಾಡಲ್ಲ, ಕೇಳಬೇಕಾದವರು ಹೋಗಿ ಕೇಳೋ ಹಾಗೆ ಮಾಡ್ತೀನಿ. ಅದು ಯಾವಾಗಲೂ ಆಗುತ್ತೆ ಅಂತ ಹೇಳಲಾರೆ.

ಮೈದುನ: ಕೇಳೋಕೆ ಒಂದು ದಾರಿ ಇದೆ. 2011ರ ಸಕಾಲ ಕಾಯ್ದೆ. ಅದರಡಿ ಬರೋ ಸೇವೆಗೆ ಅರ್ಜಿ ಕೊಟ್ಟರೆ, ನಂಬರ್ ಇರೋ ಸ್ವೀಕೃತಿ ಚೀಟಿ ಕೊಡಲೇಬೇಕು. ಇಷ್ಟು ದಿನದೊಳಗೆ ಅಂತ ಗಡುವು ಇರುತ್ತೆ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ಆದರೆ ಎಷ್ಟೋ ಜನ ಕಾಗದ ಕೊಟ್ಟು ಕೈಮುಗಿದು ಹಾಗೇ ಬಂದುಬಿಡ್ತಾರೆ. ಚೀಟಿ ಕೊಡಿ ಸಾರ್ ಅಂತ ಬಾಯಿ ಬಿಟ್ಟು ಕೇಳೋದನ್ನ ಮೊದಲು ಕಲಿಸಬೇಕು.

ಅತ್ತಿಗೆ: ಮೇಜಿನ ಆಚೆ ಕೂತವರನ್ನ ಕಂಡರೆ ಆ ಅಜ್ಜಿಗೆ ನಾಲಿಗೆಯೇ ಏಳಲ್ಲ. ನೀನು ಅಲ್ಲಿದ್ದಾಗ ಎಷ್ಟೇ ಮೃದುವಾಗಿ ಹೇಳಿದ್ದರೂ ಅವರಿಗೆ ಕೇಳಿಸ್ತಿರಲಿಲ್ಲ, ಹೆದರಿಕೆ ಅಡ್ಡ ಬರ್ತಿತ್ತು. ಈಗ ಅದೇ ಬೆಂಚಿನ ಮೇಲೆ ಅವರ ಪಕ್ಕ ಕೂತು ಹೇಳಬಹುದು. ಕುರ್ಚಿ ಹೋಯಿತು ಅಂತ ನೀನು ಕೊರಗ್ತಿದ್ದೀಯ. ಅದು ಹೋಗದೆ ಈ ಜಾಗ ಸಿಗ್ತಿರಲಿಲ್ಲ.

ಮೈದುನ: ಎಲ್ಲರೂ ಕೇಳೋದನ್ನ ಕಲಿತುಬಿಟ್ಟರೆ ನಾನು ಮತ್ತೆ ಬೇಡದವನೇ.

ಅತ್ತಿಗೆ: ಹೌದು. ಅದನ್ನ ತಡಕೊಳ್ತೀನಿ ಅನ್ನೋದಾದರೆ ಬಾ. ಪಿಯುಸಿ ಮುಗಿಸಿದ ಇಬ್ಬರು ಹುಡುಗಿಯರು ಜಗಲಿಗೆ ಬರ್ತಾರೆ, ಮೊಬೈಲು, ಕಂಪ್ಯೂಟರು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕಡತ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ನೀನು ಅವರಿಗೆ ಹೇಳಿಕೊಡು. ಮುಂದೊಂದು ದಿನ ನಾವಿಬ್ಬರೂ ಬರದಿದ್ದರೂ ಅಲ್ಲಿ ಕೆಲಸ ನಡೀಬೇಕು. ಬಾಳಿಗೆ ಅರ್ಥ ಸಿಕ್ಕಿತಾ ಅಂತ ಮಾತ್ರ ದಿನಾ ಬಂದು ನನ್ನನ್ನ ಕೇಳಬೇಡ.

ಮೈದುನ: ಸಿಗದೇ ಹೋದರೆ?

ಅತ್ತಿಗೆ: ಅಜ್ಜಿಗೆ ದುಡ್ಡು ಸಿಕ್ಕಿರುತ್ತಲ್ಲ.

ಮೈದುನ: (ತುಸು ಹೊತ್ತು ಯೋಚಿಸಿ) ಅವರಿಗೆ ಎರಡೂ ಪಾಸ್‌ಬುಕ್ಕು ತರೋಕೆ ಹೇಳಿ. ಆಧಾರ್ ಕೂಡ. ಮಂಜೂರಾತಿ ಆದೇಶದ ಪ್ರತಿ ಮನೆಯಲ್ಲಿ ಎಲ್ಲಾದರೂ ಇದ್ದರೆ ಅದನ್ನೂ ಹುಡುಕಲಿ. ವಯಸ್ಸಾದವರಿಗೆ ಒಂದೊಂದು ಸಲ ಬೆರಳಚ್ಚು ಬೀಳಲ್ಲ, ಬ್ಯಾಂಕಲ್ಲಿ ತಕರಾರು ಮಾಡ್ತಾರೆ. ಆ ಹುಡುಗಿಯರಲ್ಲಿ ಒಬ್ಬಳನ್ನ ಕರಕೊಂಡು ನಾನೂ ಜೊತೆಗೆ ಹೋಗ್ತೀನಿ.